ಸಾವಿರದ ಐನೂರು ಅಡಿ ಕೆಳಗೆ ಏನಿದೆ?

"ಇನ್ನೊಂದು ಇನ್ನೂರು ಅಡಿ ಹೋಗ್ರಪ್ಪ, ಕೆಳಗೆ ಗಂಗೆ ಹರೀತಾ ಅವ್ಳೆ." ಕೋಲಾರದ ಕಡೆ ಬೋರ್‌ವೆಲ್ ಕೊರೆಯುವ ರಿಗ್ ಲಾರಿ ಬಂದು ನಿಂತ ಹೊಲದಲ್ಲಿ ಈ ಮಾತು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಎಲ್ಲಿ ಕೊರೆಯಬೇಕೆಂದು ಪಾಯಿಂಟ್ ತೋರಿಸಿದವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ನಡೆದಿರುತ್ತಾರೆ. ಕಾಯಿ ಎದ್ದು ನಿಂತರೆ ಅಲ್ಲಿ ನೀರು.

ಕಾಯಿ ಏಳುವುದು ನಿಜ. ನಮಗೇ ಗೊತ್ತಾಗದಂತೆ ಕೈಯ ಸ್ನಾಯುಗಳು ಸಣ್ಣದಾಗಿ ಅಲುಗುತ್ತವೆ. ಮನಸ್ಸಿನಲ್ಲಿರುವ ನಿರೀಕ್ಷೆಯೇ ಕೈಯನ್ನು ಹೀಗೆ ಅಲುಗಿಸುತ್ತದೆ ಎಂದು 1852ರಲ್ಲೇ ಇಂಗ್ಲೆಂಡಿನ ವಿಲಿಯಂ ಕಾರ್ಪೆಂಟರ್ ವಿವರಿಸಿದ್ದರು. ಹಾಗಾಗಿ ಕಾಯಿ ಹಿಡಿದವರನ್ನು ಮೋಸಗಾರರು ಎನ್ನಬೇಕಿಲ್ಲ. ನನ್ನ ತಕರಾರು ಕೆಳಗೆ ಹರಿಯುವ ಆ ಗಂಗೆಯ ಬಗ್ಗೆ. ಆಳಕ್ಕೆ ಹೋದಷ್ಟೂ ನೀರು ಜಾಸ್ತಿ ಎಂಬ ಈ ನಂಬಿಕೆ ತೆಂಗಿನಕಾಯಿ ನೋಡಿ ನಗುವ ಓದಿದವರಲ್ಲೂ ಇದೆ.

ನಮ್ಮ ಕಾಲ ಕೆಳಗಿರುವುದು ಗ್ರಾನೈಟು ಮತ್ತು ನೈಸ್ (gneiss) ಎಂಬ ಪಟ್ಟೆಪಟ್ಟೆ ಕಲ್ಲು. ವಯಸ್ಸು ಸುಮಾರು 250 ಕೋಟಿ ವರ್ಷ, ಕೆಲವು ಕಡೆ ಇನ್ನೂ ಜಾಸ್ತಿ. ಮಳೆಗಾಲದಲ್ಲಿ ಹೊರಗೆ ಇಟ್ಟ ಬೆಲ್ಲದ ಅಚ್ಚು ನೋಡಿದ್ದೀರಲ್ಲ? ಮೇಲ್ಮೈ ಒದ್ದೆಯಾಗಿ ಉದುರುತ್ತದೆ, ಒಳಗೆ ಇನ್ನೂ ಗಟ್ಟಿ. ಈ ಕಲ್ಲಿಗೂ ಹಾಗೇ ಆಗಿದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಬೆರೆತ ಮಳೆನೀರು ಚೂರು ಹುಳಿಯಾಗಿರುತ್ತದೆ. ಅದು ಲಕ್ಷಾಂತರ ವರ್ಷ ಇಳಿದು ಕಲ್ಲಿನೊಳಗಿನ ಫೆಲ್ಡ್‌ಸ್ಪಾರನ್ನು ಜೇಡಿ ಮಾಡಿದೆ, ಅಭ್ರಕವನ್ನು ಉಬ್ಬಿಸಿದೆ, ಬೆಣಚುಕಲ್ಲನ್ನು ಮರಳಾಗಿ ಬಿಟ್ಟಿದೆ. ಬಾವಿ ತೋಡುವಾಗ ಸಿಗುವ ಗರಸು ಇದೇ. ನೀರು ನಿಲ್ಲಲು ಜಾಗ ಇರುವುದು ಮುಖ್ಯವಾಗಿ ಇಲ್ಲಿ. ಅಜ್ಜಂದಿರ ಕಾಲದ ತೆರೆದ ಬಾವಿಗಳೆಲ್ಲ ಈ ಪದರದಲ್ಲೇ ನಿಂತಿದ್ದವು.

ಗರಸಿನ ಕೆಳಗೆ ಗಟ್ಟಿ ಬಂಡೆ. ಅಲ್ಲಿ ನೀರಿರುವುದು ಬಿರುಕುಗಳಲ್ಲಿ ಮಾತ್ರ. ಈ ಬಿರುಕುಗಳು ಹೇಗೆ ಬಂದವು ಎನ್ನುವುದೇ ನನಗೆ ಬಹಳ ಇಷ್ಟದ ವಿಷಯ. ಈ ಕಲ್ಲು ಹುಟ್ಟಿದ್ದು ನೆಲದಿಂದ ಕಿಲೋಮೀಟರ್‌ಗಟ್ಟಲೆ ಆಳದಲ್ಲಿ. ಮೇಲಿದ್ದದ್ದು ಸವೆದು ಕೊಚ್ಚಿಹೋದಂತೆ ಭಾರ ಇಳಿಯಿತು, ಕಲ್ಲು ಹಿಗ್ಗಿತು, ನೆಲಕ್ಕೆ ಸಮಾನಾಂತರವಾಗಿ ಪದರ ಪದರವಾಗಿ ಸೀಳಿತು. ನಂದಿ ಬೆಟ್ಟದ ಬಂಡೆಗಳ ಮೇಲೆ ಚಕ್ಕೆ ಎದ್ದಂತೆ ಕಾಣುವುದು ಇದೇ. ಭಾರ ಹೆಚ್ಚು ಇಳಿದದ್ದು ಎಲ್ಲಿ? ಮೇಲುಗಡೆ. ಆದ್ದರಿಂದ ಬಿರುಕು ಒತ್ತೊತ್ತಾಗಿರುವುದೂ ಮೇಲೆಯೇ. ಕೆಳಗೆ ಹೋದಂತೆ ಅವು ಅಪರೂಪವಾಗುತ್ತವೆ, ಜೊತೆಗೆ ಕಿರಿದಾಗುತ್ತವೆ. ಬಿರುಕಿನ ಅಗಲ ಅರ್ಧಕ್ಕೆ ಇಳಿದರೆ ಅದರಲ್ಲಿ ಹರಿಯುವ ನೀರು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕಾಲು ಭಾಗಕ್ಕೆ ಇಳಿದರೆ ಅರವತ್ತನಾಲ್ಕರಲ್ಲಿ ಒಂದು. ಸಾವಿರ ಅಡಿ ದಾಟಿದ ಮೇಲೂ ರಿಗ್ ಬಾಯಿಂದ ಬರೀ ಬಿಳಿ ಪುಡಿ ಹೊಗೆಯಂತೆ ಏಳುವುದಕ್ಕೆ ಕಾರಣ ಇದು. ಆಳದಲ್ಲಿ ಒಳ್ಳೆಯ ಗ್ಯಾಪ್, ಅಂದರೆ ನೀರಿರುವ ಅಗಲದ ಬಿರುಕು, ಸಿಗುವುದೇ ಇಲ್ಲ ಎಂದಲ್ಲ. ಸಿಕ್ಕರೆ ಅದೃಷ್ಟ, ಅಷ್ಟೇ.

ಬಂಡೆಯೊಳಗೆ ಎಷ್ಟು ಆಳಕ್ಕೆ ಇಳಿಯಬಹುದು ಎಂದು ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಇಳಿದಿತ್ತು. ಗಣಿಗಳಿಗೆ 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂತು. ಆಳದಲ್ಲಿ ಒತ್ತಡ ತಾಳದೆ ಕಲ್ಲು ಸಿಡಿದು ಕಾರ್ಮಿಕರು ಸತ್ತದ್ದುಂಟು. ಅಷ್ಟು ಆಳ ಅಗೆದ ಊರಿಗೆ ಕುಡಿಯುವ ನೀರು ಎಲ್ಲಿಂದ ಬರುತ್ತಿತ್ತು ಗೊತ್ತಾ? ಪಾಲಾರ್ ನದಿಗೆ ಕಟ್ಟಿದ ಬೇತಮಂಗಲದ ಕೆರೆಯಿಂದ!

ಆಳದ ನೀರಿಗೆ ಇನ್ನೊಂದು ತೊಂದರೆ. ಅದು ಬಹಳ ಹಳೆಯ ನೀರು. ಕಲ್ಲಿನ ಜೊತೆ ಅಷ್ಟು ಕಾಲ ಇದ್ದು ಫ್ಲೋರೈಡ್ ಕರಗಿಸಿಕೊಂಡಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನೇ ಕುಡಿಯುತ್ತಾ ಹೋದರೆ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ಪ್ರಮಾಣ ಇನ್ನೂ ಜಾಸ್ತಿಯಾಗಿ ವರ್ಷಗಟ್ಟಲೆ ಕುಡಿದರೆ ಮೂಳೆಗೂ ತೊಂದರೆ ಬರುತ್ತದೆ. ಬಾಗೇಪಲ್ಲಿ, ಪಾವಗಡದವರಿಗೆ ಇದು ಹೊಸ ಸುದ್ದಿಯೇನಲ್ಲ.

ಈಗ ಸ್ವಲ್ಪ ಲೆಕ್ಕ. ನಮ್ಮಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಅಂದರೆ ಒಂದು ಎಕರೆಗೆ 28 ಲಕ್ಷ ಲೀಟರ್. ಕೇಳಲು ಬೇಕಾದಷ್ಟಿದೆ. ಆದರೆ ಗ್ರಾನೈಟ್ ನೆಲದಲ್ಲಿ ಹತ್ತರಲ್ಲಿ ಒಂದು ಪಾಲು ಇಂಗಿದರೆ ಅದೇ ಹೆಚ್ಚು. ಉಳಿದದ್ದು ಆವಿಯಾಗುತ್ತದೆ, ಗಿಡಮರ ಹೀರುತ್ತವೆ, ಒಂದಷ್ಟು ಹರಿದುಹೋಗುತ್ತದೆ. ಇಂಗುವುದು 2.8 ಲಕ್ಷ ಲೀಟರ್ ಎಂದಿಟ್ಟುಕೊಳ್ಳಿ. ಬೇಸಿಗೆಯ ಟೊಮ್ಯಾಟೊ ಬೆಳೆಗೆ ಕಡಿಮೆ ಎಂದರೂ 400 ಮಿಲಿಮೀಟರ್ ನೀರು ಬೇಕು, ಎಕರೆಗೆ 16 ಲಕ್ಷ ಲೀಟರ್. ಒಂದು ಎಕರೆ ಟೊಮ್ಯಾಟೊ ಸುತ್ತಲಿನ ಐದಾರು ಎಕರೆಯ ವರ್ಷದ ಇಂಗುವಿಕೆಯನ್ನು ಒಂದೇ ಬೆಳೆಗೆ ಕುಡಿದುಬಿಡುತ್ತದೆ. ಐದಾರು ಎಕರೆಯಲ್ಲಿ ಐದಾರು ಬೋರ್ ಇದ್ದರೆ?

ನೀರು ಉಳಿಸಲು ಡ್ರಿಪ್, ಅಂದರೆ ಹನಿ ನೀರಾವರಿ, ಇದೆಯಲ್ಲ ಎನ್ನುತ್ತೀರಿ. 1865ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ ಒಂದು ವಿಚಿತ್ರ ಗಮನಿಸಿದರು. ಉಗಿಯಂತ್ರ ಕಡಿಮೆ ಕಲ್ಲಿದ್ದಲಿಗೆ ಹೆಚ್ಚು ಕೆಲಸ ಮಾಡಲು ಶುರುವಾದ ಮೇಲೆ ದೇಶದ ಕಲ್ಲಿದ್ದಲು ಖರ್ಚು ಇಳಿಯಲಿಲ್ಲ, ಏರಿತು. ಡ್ರಿಪ್ಪಿನ ಕಥೆಯೂ ಎಷ್ಟೋ ಕಡೆ ಹೀಗೇ. ಉಳಿದ ನೀರು ಬಂಡೆಯೊಳಗೇ ಇರುವುದಿಲ್ಲ, ಪಕ್ಕದ ಅರ್ಧ ಎಕರೆ ಕ್ಯಾಪ್ಸಿಕಂಗೆ ಹೋಗುತ್ತದೆ. ರೈತರನ್ನು ಬಯ್ಯುವುದು ಸುಲಭ. ಆದರೆ ಸಾಲ ಮಾಡಿ ಬೋರ್ ಕೊರೆಸಿದವರು ಸುಮ್ನೆ ಕೂರೋಕಾಗುತ್ತಾ?

ಕೆ.ಸಿ. ವ್ಯಾಲಿ ಬಂತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧಮಾಡಿ, ದಿನಕ್ಕೆ 44 ಕೋಟಿ ಲೀಟರಿನಷ್ಟನ್ನು ಕೋಲಾರದ ಕಡೆಯ 126 ಕೆರೆಗಳಿಗೆ ಹರಿಸುವ ಯೋಜನೆ. 2018ರಲ್ಲಿ ನೀರು ಬಂತು, ನೊರೆಯೂ ಬಂತು, ಕೋರ್ಟು ಕಚೇರಿಯೂ ಆಯಿತು. ನೀರು ಬಂದ ಕೆರೆಗಳ ಸುತ್ತ ಬತ್ತಿದ ಬೋರುಗಳು ಜೀವ ಪಡೆದವು. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಒತ್ತಾಯ ನ್ಯಾಯವಾದದ್ದೇ. ನಾವು ಮರೆಯುವುದು ಏನೆಂದರೆ, ಇದರಲ್ಲಿ ಬಹುಪಾಲು ಬೆಂಗಳೂರು ಒಮ್ಮೆ ಬಳಸಿದ ಕಾವೇರಿ. ನಮ್ಮ ಬಂಡೆಯ ಮಿತಿಯನ್ನು ಇನ್ನೊಂದು ನದಿಯ ಹೆಗಲಿಗೆ ದಾಟಿಸಿದ್ದೇವೆ.

2021ರ ನವೆಂಬರಿನಲ್ಲಿ ಸುರಿದ ಮಳೆಗೆ ಎಷ್ಟೋ ವರ್ಷಗಳಿಂದ ಒಣಗಿದ್ದ ಕೆರೆಗಳು ಕೋಡಿ ಬಿದ್ದವು. ಗರಸು ಇನ್ನೂ ನೀರು ಹಿಡಿಯುತ್ತದೆ ಎಂದು ಗೊತ್ತಾಯಿತು. ಆದರೆ ನಾವು ಬೋರ್ ಕೊರೆಯುವಾಗ ಆ ಗರಸು ಕುಸಿಯದಂತೆ ಕೇಸಿಂಗ್ ಪೈಪು ಇಳಿಸಿ, ನೀರಿರುವ ಪದರವನ್ನೇ ಮರೆಮಾಡಿ, ಬರಿ ಬಂಡೆಯಲ್ಲಿ ಹುಡುಕುತ್ತೇವೆ.

ಕೇಂದ್ರದ ಅಟಲ್ ಭೂಜಲ ಯೋಜನೆಯಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಇದ್ದವು. ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ನೀರಿನ ಆಯವ್ಯಯ ಬರೆಯುವುದು ಅದರ ಮುಖ್ಯ ಕೆಲಸ. ಬಂದ ನೀರು ಒಂದು ಕಡೆ, ಖರ್ಚಾದದ್ದು ಇನ್ನೊಂದು ಕಡೆ. ಒಳ್ಳೆಯ ಕೆಲಸ. ಆದರೆ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ಬೋರಿನಿಂದ ಎಷ್ಟು ನೀರು ಬಂತು ಎಂದು ಅಳೆಯುವವರು ಊರಲ್ಲಿ ಸಿಗುವುದು ಕಷ್ಟ. ಖರ್ಚಿನ ಕಡೆ ಬರೆಯುವ ಅಂಕಿ ಹೆಚ್ಚುಕಡಿಮೆ ಅಂದಾಜು. ಕರೆಂಟು ಉಚಿತವಾಗಿಯೇ ಇರಲಿ, ಬೋರಿನ ಪೈಪಿಗೆ ಒಂದು ನೀರಿನ ಮೀಟರ್ ಹಾಕಲು ಏನು ಕಷ್ಟ? ಬಿಲ್ಲು ಕಳಿಸಬೇಡಿ. ತಿಂಗಳಿಗೊಮ್ಮೆ ಓದಿ, ಪಂಚಾಯ್ತಿ ಗೋಡೆ ಮೇಲೆ ಸರ್ವೆ ನಂಬರ್ ಸಮೇತ ಬರೆದರೆ ಸಾಕು.