ಹಾಡಿನ ಮೇಲೆ 8.6.8.6 ಎಂದು ಏಕೆ ಬರೆದಿರುತ್ತದೆ?

ಪ್ರಶ್ನೆ: ಹಾಸನದ ನಮ್ಮ ಚರ್ಚಿನ ಕ್ವಾಯರಿನಲ್ಲಿ ಹಾಡುತ್ತೇನೆ. ರಾಗದ ಪುಸ್ತಕದಲ್ಲಿ ಕೆಲವು ಹಾಡುಗಳ ಮೇಲೆ 8.6.8.6 ಅಥವಾ ಸಿ.ಎಂ. ಎಂದು ಅಚ್ಚಾಗಿರುತ್ತದೆ. ಈ ಅಂಕಿಯಿರುವ ಯಾವ ರಾಗಕ್ಕಾದರೂ ಇದೇ ಅಳತೆಯ ಕನ್ನಡ ಗೀತೆಯನ್ನು ಕೂಡಿಸಬಹುದೇ?

ಉತ್ತರ: ಕೂಡಿಸಬಹುದು, ಆದರೆ ಅಂಕಿ ಹೊಂದಿದ ಮಾತ್ರಕ್ಕೆ ಹಾಡು ಹೊಂದುವುದಿಲ್ಲ. ಆ ಅಂಕಿಗಳು ಸಾಲುಗಳ ಅಕ್ಷರಗಳ ಲೆಕ್ಕ: ಎಂಟು, ಆರು, ಮತ್ತೆ ಎಂಟು, ಆರು. ಸಿ.ಎಂ. ಎಂದರೆ ಕಾಮನ್ ಮೀಟರ್.

ಈ ಅಳತೆಯ ಉಪಯೋಗ ಏನೆಂಬುದು ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಎಂಬ ಪ್ರಾಟೆಸ್ಟೆಂಟ್ ಪಂಗಡದ ಸಭೆಗಳನ್ನು ನೋಡಿದರೆ ತಿಳಿಯುತ್ತದೆ. ಅಲ್ಲಿನ ಆರಾಧನೆಯಲ್ಲಿ ಬಹುಕಾಲ ವಾದ್ಯವಿರಲಿಲ್ಲ. ಪ್ರಿಸೆಂಟರ್ ಎಂಬ ಹಾಡಿಸುವವನು ಒಂದೊಂದೇ ಸಾಲನ್ನು ಎತ್ತಿಕೊಡುತ್ತಿದ್ದ, ಸಭೆಯವರೆಲ್ಲ ಅದನ್ನು ಹಾಡುತ್ತಿದ್ದರು. 1650ರ ಅವರ ಬೈಬಲ್ ಕೀರ್ತನೆಗಳ ಪುಸ್ತಕದಲ್ಲಿ ರಾಗಗಳನ್ನೇ ಅಚ್ಚು ಹಾಕಿರಲಿಲ್ಲ. ಬಹುಪಾಲು ಕೀರ್ತನೆಗಳು ಇದೊಂದೇ ಅಳತೆಯಲ್ಲಿದ್ದುದರಿಂದ, ಡಂಡೀಯಂಥ ಹತ್ತಾರು ರಾಗಗಳು ಬಾಯಿಗೆ ಬಂದರೆ ಓದು ಬಾರದವರೂ ಅಷ್ಟನ್ನೂ ಹಾಡಬಹುದಾಗಿತ್ತು. ನಿಮ್ಮ ಹಾಸನದ ಕಡೆ ಕೆಲಸ ಮಾಡಿದ್ದು ಬೇರೊಂದು ಪಂಗಡದ ವೆಸ್ಲಿಯನ್ ಮೆಥಡಿಸ್ಟ್ ಮಿಷನ್. ಪ್ರೆಸ್ಬಿಟೇರಿಯನ್ನರೂ ಮೆಥಡಿಸ್ಟರೂ ಇಲ್ಲಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಒಂದೇ ಸಭೆಯಾದದ್ದು 1947ರಲ್ಲಿ. ರಾಗಗಳು ಮಾತ್ರ ಈ ಬೇಲಿಗಳನ್ನು ಅದಕ್ಕೂ ಬಹಳ ಮೊದಲೇ ದಾಟಿದ್ದವು.

ತೊಡಕು ಇರುವುದು ನಮ್ಮ ಭಾಷೆಯ ಕಡೆಯಿಂದ. ಇಂಗ್ಲಿಷಿನ ಆ ಸಾಲಿನಲ್ಲಿ ಎರಡು, ನಾಲ್ಕು, ಆರು, ಎಂಟನೆಯ ಅಕ್ಷರಗಳ ಮೇಲೆ ಒತ್ತು ಬೀಳುತ್ತದೆ. ರಾಗವೂ ಅಲ್ಲಿಯೇ ಭಾರ ಹಾಕುತ್ತದೆ. ಕನ್ನಡದ ಕಿವಿ ಕೇಳುವುದು ಒತ್ತನ್ನಲ್ಲ, ಮಾತ್ರೆಯನ್ನು: ಲಘುವಿಗೆ ಒಂದು, ಗುರುವಿಗೆ ಎರಡು. ಹೀಗಾಗಿ ಎಂಟಕ್ಷರದ ಕನ್ನಡ ಸಾಲಿನಲ್ಲಿ ಎಂಟು ಮಾತ್ರೆಗಳೂ ಇರಬಹುದು, ಹದಿನಾರೂ ಇರಬಹುದು. "ಬಲ ಕೊಡು ದೇವಾ" ಎಂಬ ಆರಕ್ಷರದ ಸಾಲನ್ನು, ಲಘುವಿಗೊಂದು ಗುರುವಿಗೆರಡು ಎಂಬಂತೆ ಮೂರರ ಎಣಿಕೆಯಲ್ಲಿ ನಡೆಯುವ ಮಾರ್ಟರ್ಡಮ್ ರಾಗಕ್ಕೆ ಹಾಕಿದರೆ, ಅದು "ಬಲಾ ಕೊಡೂ ದೆವಾ" ಎಂದು ಕೇಳಿಸುತ್ತದೆ. ದೀರ್ಘ ಕಳೆದುಕೊಂಡ ದೇವರು ದೆವ್ವಕ್ಕೆ ಎಷ್ಟು ಹತ್ತಿರವಾಗುತ್ತಾನೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ರಾಗಕ್ಕೆ "ದಯಾಳು ದೇವನೇ" ಎಂದು ಹಾಡಿ ನೋಡಿ: ಅಕ್ಷರಗಳು ಆರೇ, ಆದರೆ ಲಘುವಿನ ಹಿಂದೆ ಗುರು ಸಾಲಾಗಿ ಬಂದು ಮಾತು ಎಲ್ಲಿಯೂ ಮುರಿಯುವುದಿಲ್ಲ.

ಇದು ಹೊಸ ಸಮಸ್ಯೆಯೂ ಅಲ್ಲ. ಬಾಸೆಲ್ ಮಿಷನ್ನಿನ ಕಿಟೆಲ್ ಅವರು ನಿಘಂಟಿಗಿಂತ ಮೊದಲೇ, 1875ರಲ್ಲಿ, ಕನ್ನಡ ಛಂದಸ್ಸಿನ ಹಳೆಯ ಗ್ರಂಥವಾದ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿ ಪ್ರಕಟಿಸಿದ್ದರು. ಕನ್ನಡದಲ್ಲಿ ಗೀತೆ ಕಟ್ಟಹೊರಟವರಿಗೆ ಕನ್ನಡದ ಲೆಕ್ಕವೇ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣದು.

ಆದ್ದರಿಂದ ರಾಗ ಬದಲಿಸುವ ಮೊದಲು ಗೀತೆಯ ಎಲ್ಲ ಚರಣಗಳನ್ನೂ ಕೀಬೋರ್ಡಿಲ್ಲದೆ, ಬರಿಯ ಕೈತಾಳದೊಂದಿಗೆ ಹಾಡಿಕೊಳ್ಳಿ. ಮೊದಲ ಚರಣ ಸರಿಹೊಂದಿ ಮೂರನೆಯದು ಎಡವುವುದು ಸಾಮಾನ್ಯ. ಎಡವಿದಲ್ಲಿ ಡಂಡೀಯಂತೆ ಹೆಚ್ಚುಕಡಿಮೆ ಸಮನಾದ ಸ್ವರಗಳ ರಾಗವನ್ನು ಆರಿಸಿಕೊಂಡರೆ ಹ್ರಸ್ವ ದೀರ್ಘಗಳ ಎಳೆದಾಟ ಅರ್ಧಕ್ಕರ್ಧ ತಗ್ಗುತ್ತದೆ. ಉಳಿದರ್ಧವನ್ನು ಸರಿಪಡಿಸಲು ಸಾಲಿನ ಪದಗಳನ್ನೇ ಹಿಂದುಮುಂದು ಮಾಡಬೇಕಾಗುತ್ತದೆ. ಅದಕ್ಕೆ ಸಭಾಪಾಲಕರ ಒಪ್ಪಿಗೆಯನ್ನು ಮೊದಲೇ ಪಡೆದುಕೊಳ್ಳಿ.