ಪದ ಪರಿಚಯ: ಇನ್‌ಕ್ಲೈನ್

ಹಳೇ ರೈಲುದಾರಿ ಹುಡುಕುವ ಹುಚ್ಚು ಇರುವವರ ಬಾಯಲ್ಲಿ ಆಗಾಗ ಕೇಳಿಬರುವ ಮಾತು ಇನ್‌ಕ್ಲೈನ್. ಕಡಿದಾದ ಏರಿನಲ್ಲಿ ನೇರವಾಗಿ ಹಳಿ ಹಾಸಿ, ವ್ಯಾಗನ್‌ಗಳಿಗೆ ಹಗ್ಗವನ್ನೋ ಸರಪಳಿಯನ್ನೋ ಕಟ್ಟಿ ಎಳೆಯುತ್ತಿದ್ದ ದಾರಿ ಇದು. ಇಳಿಜಾರಿರುವ ರೈಲುದಾರಿಗೆಲ್ಲ ಸುಮ್ನೆ ಈ ಹೆಸರು ಹೇಳುವುದಿಲ್ಲ. ಹಗ್ಗ ಇದ್ದಿರಬೇಕು.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದಕ್ಕೆ ಎಂಜಿನ್ನೇ ಬೇಡ. ರಾಟೆಯ ಹಗ್ಗದ ಎರಡೂ ತುದಿಗೆ ಕೊಡ ಕಟ್ಟಿದ ಹಾಗೆ, ತುಂಬಿದ ವ್ಯಾಗನ್ ಇಳಿಯುವ ಭಾರಕ್ಕೆ ಖಾಲಿ ವ್ಯಾಗನ್ ಮೇಲೇರುತ್ತದೆ. ಮೇಲ್ಗಡೆ ಹಗ್ಗ ಸುತ್ತುವ ಒಂದು ಡ್ರಮ್, ಅದಕ್ಕೊಂದು ಬ್ರೇಕ್, ಬ್ರೇಕ್ ಹಿಡಿಯಲು ಒಬ್ಬ ಆಳು, ಅಷ್ಟೇ. ಸರಕು ಬೆಟ್ಟದಿಂದ ಕೆಳಕ್ಕೆ ಬರುವ ಕಡೆ ಇದು ಸಾಕು. ಪರಂಬಿಕುಲಂ ಕಾಡಿನ ತೇಗವನ್ನು ಚಾಲಕುಡಿಗೆ ಸಾಗಿಸುತ್ತಿದ್ದ ಕೊಚ್ಚಿ ಸಂಸ್ಥಾನದ ಟ್ರಾಮ್‌ವೇಯಲ್ಲೂ ಇಂಥ ಇನ್‌ಕ್ಲೈನ್‌ಗಳಿದ್ದವು. ಸರಕು ಎರಡೂ ಕಡೆಗೆ ಓಡಾಡಬೇಕಿದ್ದರೆ ಮಾತ್ರ ಮೇಲೆ ಸ್ಟೀಮ್ ಎಂಜಿನ್ ಕೂರಿಸಬೇಕು. ಅದು ಕೂತಲ್ಲೇ ಕೂತು ಹಗ್ಗ ಎಳೆಯುತ್ತದೆ.

ಎರಡನೇ ಬಗೆಗೆ ಒಳ್ಳೇ ಉದಾಹರಣೆ ಇಂಗ್ಲೆಂಡಿನ ಡರ್ಬಿಶೈರ್‌ನ ಕ್ರಾಮ್‌ಫರ್ಡ್ ಅಂಡ್ ಹೈ ಪೀಕ್ ರೈಲ್ವೆ. 1831ರಲ್ಲಿ ಪೂರ್ತಿ ತೆರೆದ 33 ಮೈಲಿ ದಾರಿ. ಎರಡು ಕಾಲುವೆಗಳ ನಡುವೆ ಬೆಟ್ಟ ಅಡ್ಡ ಇತ್ತು, ಮೇಲೆ ಕಾಲುವೆಗೆ ಬೇಕಾದಷ್ಟು ನೀರಿರಲಿಲ್ಲ. ಹಾಗಾಗಿ ಹಳಿ ಹಾಕಿದರು. ಆದರೂ ಯೋಜನೆ ಹಾಕಿದ ಜೋಸಯಾಸ್ ಜೆಸಪ್ ಕಾಲುವೆ ಕಟ್ಟುವವರ ಮನೆಯವನೇ. ಕಾಲುವೆಯಲ್ಲಿ ನೀರು ಮಟ್ಟಸವಾಗಿ ಹರಿದು, ಲಾಕ್, ಅಂದರೆ ನೀರು ತುಂಬಿ ದೋಣಿ ಎತ್ತುವ ಬಾಗಿಲುಕಟ್ಟೆ ಬಂದಲ್ಲಿ ದೋಣಿ ಒಮ್ಮೆಲೇ ಮೇಲೇರುತ್ತದೆ ಅಲ್ವಾ? ಇಲ್ಲೂ ಅದೇ ಲೆಕ್ಕ. ಬಹುಪಾಲು ದಾರಿ ಸಮತಟ್ಟು, ಅಲ್ಲಿ ಮೊದಮೊದಲು ಕುದುರೆ ಎಳೆಯುತ್ತಿತ್ತು. ನಡುನಡುವೆ ಕಡಿದಾದ ಇನ್‌ಕ್ಲೈನ್. ಸ್ಟೇಷನ್‌ಗಳನ್ನೂ ದೋಣಿಕಟ್ಟೆ ಎಂಬ ಅರ್ಥದ ವಾರ್ಫ್ ಅನ್ನುತ್ತಿದ್ದರು!

ಇನ್‌ಕ್ಲೈನ್ ಹೇಗೆ ಕೆಲಸ ಮಾಡುತ್ತಿತ್ತು ಅಂತ ಗೊತ್ತಿದ್ದರೆ, ಹಳಿ ಕಿತ್ತು ಎಷ್ಟೋ ವರ್ಷ ಆದಮೇಲೂ ಅದರ ಜಾಡು ಹಿಡಿಯಬಹುದು. ಮಾಮೂಲಿ ರೈಲು ಗುಡ್ಡ ಸುತ್ತಿಕೊಂಡು ಹೋಗುತ್ತದೆ. ಹಗ್ಗಕ್ಕೆ ತಿರುವು ಆಗಿಬರುವುದಿಲ್ಲ, ತಿರುವಿನಲ್ಲಿ ಅದು ಪಕ್ಕಕ್ಕೆ ಉಜ್ಜಿ ಸವೆಯುತ್ತದೆ. ಅದಕ್ಕೇ ಗುಡ್ಡಕ್ಕೆ ಎದುರಾಗಿ ನೆಟ್ಟಗೆ ಏರುವ ದಿಬ್ಬವೋ ಕಣಿವೆಯಂಥ ಅಗೆತವೋ ಕಂಡರೆ ಅನುಮಾನ ಪಡಬೇಕು. ತುದಿಯಲ್ಲಿ ಎಂಜಿನ್ ಮನೆಯ ಅಥವಾ ಡ್ರಮ್ ಇದ್ದ ಜಾಗದ ಪಾಯ ಹುಡುಕಬೇಕು. ಏರಿನ ನಡುಮಧ್ಯೆ ಮಾತ್ರ ದಾರಿ ಅಗಲವಾಗಿದ್ದರೆ, ಏರುವ ಇಳಿಯುವ ವ್ಯಾಗನ್‌ಗಳು ಅಲ್ಲಿ ಪಕ್ಕ ಪಕ್ಕ ಹಾದಿರಬಹುದು. ತೂತು ಕೊರೆದ ಚೌಕದ ಕಲ್ಲುಗಳನ್ನೂ ನೋಡಿ. ಆಗ ಅಡ್ಡ ಮರದ ಸ್ಲೀಪರ್ ಹಾಕಿದರೆ ಕುದುರೆ ಎಡವುತ್ತಿತ್ತು. ಹಾಗಾಗಿ ಎರಡೂ ಹಳಿಯ ಕೆಳಗೆ ಬಿಡಿಬಿಡಿ ಕಲ್ಲು ಕೂರಿಸಿ, ತೂತಿಗೆ ಗೂಟ ಬಡಿದು ಹಳಿ ಬಿಗಿಯುತ್ತಿದ್ದರು. ಎಷ್ಟೋ ಕಡೆ ಆ ಕಲ್ಲುಗಳು ಆಮೇಲೆ ಗೋಡೆ ಸೇರಿವೆ.

ಕ್ರಾಮ್‌ಫರ್ಡ್ ದಾರಿಯ ಶೀಪ್ ಪಾಶ್ಚರ್ ಇನ್‌ಕ್ಲೈನ್‌ನ ಬುಡದ ಹತ್ತಿರ ಇನ್ನೊಂದು ಗುರುತಿದೆ: ಕ್ಯಾಚ್ ಪಿಟ್, ಅಂದರೆ ತಪ್ಪಿಸಿಕೊಂಡ ವ್ಯಾಗನ್ ಬಂದು ಬೀಳಲೆಂದೇ ತೋಡಿದ ಗುಂಡಿ. 1888ರಲ್ಲಿ ಇಲ್ಲಿ ಕೈತಪ್ಪಿದ ವ್ಯಾಗನ್‌ಗಳು ಕಾಲುವೆಯನ್ನೂ ಅದರಾಚೆಗಿನ ರೈಲುದಾರಿಯನ್ನೂ ಹಾರಿ ಹೋಗಿ ಬಿದ್ದವು. ಗುಂಡಿ ತೋಡಿದ್ದು ಆಮೇಲೆ. ಒಡೆದ ವ್ಯಾಗನ್ ಒಂದು ಅದರಲ್ಲಿ ಈಗಲೂ ಇದೆ. ಮಿಡಲ್ಟನ್ ಇನ್‌ಕ್ಲೈನ್‌ನ ತುದಿಯಲ್ಲಂತೂ 1829ರಲ್ಲಿ ಮಾಡಿದ ಬೀಮ್ ಎಂಜಿನ್ನೇ, ಅಂದರೆ ದೊಡ್ಡ ತೊಲೆ ಮೇಲೆ ಕೆಳಗೆ ಆಡುವ ಸ್ಟೀಮ್ ಎಂಜಿನ್ನೇ ಉಳಿದಿದೆ. ಅದು 1963ರ ತನಕ ದುಡಿದಿತ್ತು ಅಂದರೆ ನಂಬುವುದು ಕಷ್ಟ.

ಇವೆಲ್ಲ ಕಣ್ಣಿಗೆ ಬೀಳುವಂಥವು. ಕಷ್ಟ ಇರುವುದು ಉತ್ತರದ ತುದಿಯಲ್ಲಿ. ಅಲ್ಲಿನ ಬನ್ಸಲ್ ಇನ್‌ಕ್ಲೈನ್ 1892ರಲ್ಲೇ ಮುಚ್ಚಿತು. ಈಗ ಅದರ ಮೇಲೆ ಎರ್‌ವುಡ್ ಜಲಾಶಯದ ಕಡೆಯಿಂದ ಏರುವ ರಸ್ತೆ ಇದೆ, ಕಾರುಗಳು ಓಡಾಡುತ್ತವೆ. ಇಂಥ ಕಡೆ ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಹಳೇ ನಕ್ಷೆ ತೆಗೆದು ನೋಡಬೇಕು. ವಿಮಾನದಿಂದ ಲೇಸರ್ ಬಿಟ್ಟು ನೆಲದ ಏರುಪೇರು ಅಳೆಯುವ ಲಿಡಾರ್ ಚಿತ್ರಗಳೂ ಈಗ ಪುಕ್ಕಟೆ ಸಿಗುತ್ತವೆ. ಗಿಡಗಂಟಿ ಮುಚ್ಚಿದ ದಿಬ್ಬ ಅದರಲ್ಲಿ ಗೆರೆ ಎಳೆದ ಹಾಗೆ ಕಾಣುತ್ತದೆ.

ಹಾಗಂತ ಒಂದೇ ಗುರುತು ನಂಬಿ ಕೂರಬಾರದು. ಕಡಿದಾದ ಏರು ಕಂಡ ಮಾತ್ರಕ್ಕೆ ಅಲ್ಲಿ ಕೊನೇ ತನಕ ಹಗ್ಗವೇ ಎಳೆಯುತ್ತಿತ್ತು ಅನ್ನುವ ಹಾಗಿಲ್ಲ. ಇದೇ ದಾರಿಯ ಹಾಪ್ಟನ್ ಇನ್‌ಕ್ಲೈನ್‌ನಲ್ಲಿ 1877ರಿಂದ ಹಗ್ಗ ಬಿಟ್ಟು, 14 ಅಡಿಗೆ ಒಂದು ಅಡಿ ಏರುವ ಆ ದಾರಿಯಲ್ಲಿ ಹಳಿ ಮೇಲೆ ಓಡುವ ಲೋಕೋಮೋಟಿವ್‌ಗಳನ್ನೇ ಹತ್ತಿಸುತ್ತಿದ್ದರು.