ಮಕ್ಕಳ ಮೊಣಕೈ ಬಿರುಕು: ಬಿದಿರು ಪಟ್ಟಿಯಿಂದ ಸ್ಲ್ಯಾಬ್‌ವರೆಗೆ

ಕಟ್ಟೆಯಿಂದ ಬೀಳುವ ಮಗು ಕೈ ಊರುತ್ತದೆ. ಐದರಿಂದ ಏಳರ ವಯಸ್ಸಿನಲ್ಲಿ ಆ ಪೆಟ್ಟು ಹೆಚ್ಚಾಗಿ ಮೊಣಕೈಗಿಂತ ತುಸು ಮೇಲಿನ ತೆಳು ಎಲುಬಿಗೆ ಬೀಳುತ್ತದೆ. ಕಲಬುರಗಿ, ಯಾದಗಿರಿಯ ಹಳ್ಳಿಗಳಲ್ಲಿ ಮೊದಲ ಆಸರೆ ಬಹಳ ಸಲ ಎಲುಬು ಕಟ್ಟುವವರೇ: ಬಿದಿರು ಪಟ್ಟಿ, ಮೇಲೆ ಬಟ್ಟೆಯ ಬಿಗಿ ಸುತ್ತು. ಜರುಗದ ಬಿರುಕು ಹೇಗೆ ಕಟ್ಟಿದರೂ ಕೂಡುತ್ತದೆ, ಹೆಸರು ಮಾತ್ರ ಕಟ್ಟಿದವರಿಗೆ. ಕೈ ಕೆಡುವುದು ಬಿಗಿಯಿಂದ.

ಬಿಗಿ ಕಟ್ಟಿನಿಂದ ರಕ್ತ ಸಿಗದೆ ಮುಂಗೈ ಸ್ನಾಯು ಸತ್ತು, ಬೆರಳು ಮಡಚಿಕೊಂಡೇ ಉಳಿಯುವುದನ್ನು ಜರ್ಮನಿಯ ಶಸ್ತ್ರವೈದ್ಯ ಫೋಕ್‌ಮನ್ 1881ರಲ್ಲೇ ವಿವರಿಸಿದ್ದರು. ತಪ್ಪು ನಾಟಿಯವರದಷ್ಟೇ ಅಲ್ಲ. ಜರುಗಿದ ಎಲುಬು ಕೂರಿಸಿ, ಮೊಣಕೈಯನ್ನು 120 ಡಿಗ್ರಿವರೆಗೆ ಮಡಚಿ ಪ್ಲಾಸ್ಟರ್ ಹಾಕುವ ರೂಢಿ ಆಸ್ಪತ್ರೆಗಳಲ್ಲೂ ಬಹುಕಾಲ ಇತ್ತು. ಬಾತ ಕೈಯನ್ನು ಅಷ್ಟು ಮಡಚಿದರೆ ರಕ್ತನಾಳ ಅದುಮಿಹೋಗುತ್ತದೆ. ಕೂರಿಸಿದ ಎಲುಬನ್ನು ಲೋಹದ ತಂತಿ ತೂರಿಸಿ ಹಿಡಿಸುವುದು ಬಳಕೆಗೆ ಬಂದ ಮೇಲೆ ಆ ಮಡಿಕೆಯ ಅಗತ್ಯ ತಪ್ಪಿತು. 1959ರಲ್ಲಿ ಅಮೆರಿಕದ ಮೂಳೆವೈದ್ಯ ಗಾರ್ಟ್‌ಲ್ಯಾಂಡ್ ಈ ಮುರಿತವನ್ನು ಮೂರು ದರ್ಜೆಗೆ ಹಂಚಿದರು. ಮೊದಲನೆಯದು ಜರುಗದ್ದು, ಅದಕ್ಕೆ ಆಪರೇಶನ್ ಬೇಡ.

ಬೇಕಾದದ್ದು ಹಿಂಬದಿಯ ಸ್ಲ್ಯಾಬ್, ಅಂದರೆ ಕೈಯನ್ನು ಪೂರ್ತಿ ಸುತ್ತದೆ ಹಿಂಬದಿಗಷ್ಟೇ ಕೂರುವ ಪ್ಲಾಸ್ಟರ್ ಪಟ್ಟಿ, ಸುಮಾರು ಮೂರು ವಾರ. ಕೈಯನ್ನು 90 ಡಿಗ್ರಿ ಮೀರದಂತೆ ಮಡಚಿದ ಮೇಲೆಯೇ ಹತ್ತಿ ಸುತ್ತಬೇಕು. ನೇರ ಕೈಗೆ ಸುತ್ತಿ ಆಮೇಲೆ ಮಡಚಿದರೆ ಹತ್ತಿ ಮುಂಬದಿಯಲ್ಲಿ ಮುದ್ದೆಗಟ್ಟಿ ನಾಳವನ್ನು ಒತ್ತುತ್ತದೆ. ಎಂಟು-ಹತ್ತು ಪದರದ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಪಟ್ಟಿಯನ್ನು ಅದ್ದುವ ನೀರು ಬಿಸಿಯಿರಬಾರದು, ಗಟ್ಟಿಯಾಗುವಾಗಿನ ಕಾವಿಗೆ ಚರ್ಮ ಸುಟ್ಟೀತು. ಪಟ್ಟಿ ಕಂಕುಳ ಕೆಳಗಿನಿಂದ ಅಂಗೈವರೆಗೆ. ಬ್ಯಾಂಡೇಜ್ ಸಡಿಲ.

ಮೊದಲ ಎರಡು ದಿನ ಬೆರಳು ನೋಡುತ್ತಿರಬೇಕು. ಬಣ್ಣ ಕೆಟ್ಟರೆ, ತಣ್ಣಗಾದರೆ, ಬೆರಳನ್ನು ನಾವು ನೇರ ಮಾಡಿದಾಗ ಮಗು ಚೀರಿದರೆ ಬೆಳಗಾಗಲಿ ಅನ್ನಬಾರದು: ಬ್ಯಾಂಡೇಜನ್ನೂ ಒಳಗಿನ ಹತ್ತಿಯನ್ನೂ ಉದ್ದಕ್ಕೆ ಕತ್ತರಿಸಿ ಸಡಿಲಿಸಿ, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ನಮ್ಮ ಬ್ಯಾಸಗಿಯಲ್ಲಿ ತುರಿಕೆ ಖಂಡಿತ; ಒಳಗೆ ಕಡ್ಡಿ ಹಾಕಿದರೆ ಗಾಯ.

ಎಕ್ಸ್‌ರೇಯಲ್ಲಿ ಗೆರೆ ಕಾಣದಿದ್ದರೂ ಎಲುಬಿನ ಹಿಂದೆ ಕೊಬ್ಬಿನ ಕಪ್ಪು ನೆರಳು ಕಂಡರೆ ಬಿರುಕೆಂದೇ ಹಿಡಿಯುವುದು ಜಾಣತನ. ಮೊಣಕೈಯ ಹೊರಬದಿಯ ಎಲುಬಿನ ಉಬ್ಬು ಮುರಿದಿದ್ದರೆ ಮಾತ್ರ ಲೆಕ್ಕವೇ ಬೇರೆ. ಅಲ್ಲಿ ಎರಡು ಮಿ.ಮೀ.ಗಿಂತ ಕಡಿಮೆ ಜರುಗಿದ ಬಿರುಕೂ ಪ್ಲಾಸ್ಟರ್ ಒಳಗೇ ಜರುಗಬಲ್ಲದು, ಕೂಡದೆಯೂ ಉಳಿಯಬಲ್ಲದು. ವಾರಕ್ಕೊಮ್ಮೆ ಎಕ್ಸ್‌ರೇ ತಪ್ಪಿಸಬಾರದು; ಅನುಮಾನವಿದ್ದರೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ, ಕಲಬುರಗಿಯ ಜಿಮ್ಸ್‌ಗೋ ಬೀದರಿನ ಬ್ರಿಮ್ಸ್‌ಗೋ, ಕಳಿಸುವುದು ಲೇಸು.

ಸ್ಲ್ಯಾಬ್ ಬಿಚ್ಚಿದ ದಿನ ಕೈ ಪೂರ್ತಿ ನೇರವಾಗುವುದಿಲ್ಲ. ಅದಕ್ಕೆ ಎಣ್ಣೆ ಹಚ್ಚಿ ತಿಕ್ಕಿ ಜಗ್ಗಿದರೆ ಸ್ನಾಯುವಿನೊಳಗೆ ಎಲುಬು ಬೆಳೆದು ಕೀಲು ಬಿಗಿದೀತು. ಆಡಲು ಬಿಟ್ಟರೆ ಕೆಲವು ವಾರಗಳಲ್ಲಿ ತಾನಾಗಿ ಚಾಚುತ್ತದೆ.